ಪ್ರೇಮಹಾಸ್ಯವೋ, ಶ್ರದ್ಧೆಯ ಸಸ್ಪೆನ್ಸೋ: 'ಕ್ಲೀನ್' ಕಾದಂಬರಿಗಳಲ್ಲಿ ನಿಮಗೆ ಒಗ್ಗುವುದನ್ನು ಆರಿಸಿಕೊಳ್ಳುವ ಬಗೆ

ಪುಟ ತಿರುವಿದಾಗ ಮುಜುಗರವಾಗಬಾರದು, ಹಾಗೆಂದು ಓದುವಾಗ ತೂಕಡಿಕೆಯೂ ಬರಬಾರದು ಎಂದು ಬಯಸುವ ಓದುಗರಿಗೆ ಇಂಗ್ಲಿಷಿನಲ್ಲಿ ಇಂದು ಎರಡು ದೊಡ್ಡ ದಾರಿಗಳಿವೆ. ಒಂದು, ಮುತ್ತಿನಾಚೆಗೆ ಹೋಗದ ಪ್ರೇಮಹಾಸ್ಯ, ಅಂದರೆ ಕ್ಲೀನ್ ರೊಮ್ಯಾಂಟಿಕ್ ಕಾಮಿಡಿ. ಓದುಗರ ಬಾಯಲ್ಲಿ ಬರಿಯ ರೋಮ್‌ಕಾಮ್. ಇನ್ನೊಂದು, ದೇವರ ಮೇಲಿನ ನಂಬಿಕೆಯನ್ನು ಕಥೆಯೊಳಗೇ ಇಟ್ಟುಕೊಂಡು ಕೊಲೆ, ಅಪಹರಣ, ಬೆನ್ನಟ್ಟುವಿಕೆಗಳನ್ನು ಹೇಳುವ ಸಸ್ಪೆನ್ಸ್ ಕಾದಂಬರಿ; ಇದು ಬಹುಪಾಲು ಅಮೆರಿಕದ ಕ್ರೈಸ್ತ ಪ್ರಕಾಶನ ಸಂಸ್ಥೆಗಳಿಂದ ಬರುತ್ತದೆ. ಎರಡನ್ನೂ 'ಕ್ಲೀನ್' ಎಂಬ ಒಂದೇ ಫಲಕದ ಅಡಿಯಲ್ಲಿ ಜೋಡಿಸಿಡುವುದರಿಂದ ಗೊಂದಲ ಶುರುವಾಗುತ್ತದೆ. ಆ ಫಲಕ ಪುಸ್ತಕದೊಳಗೆ ಏನಿಲ್ಲ ಎಂಬುದನ್ನಷ್ಟೇ ಹೇಳುತ್ತದೆ, ಏನಿದೆ ಎಂಬುದರ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ.

ಈ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಮಂಡಿಯ ಶಸ್ತ್ರಚಿಕಿತ್ಸೆ ಮುಗಿಸಿ ಮಲಗಿದ್ದ ನನ್ನ ದೊಡ್ಡಮ್ಮನಿಗೆ, ಬೆನ್ನುಪುಟದ ಮೇಲಿದ್ದ 'ಕ್ಲೀನ್' ಎಂಬ ಮಾತನ್ನು ನಂಬಿ ಒಂದು ಸಸ್ಪೆನ್ಸ್ ಕಾದಂಬರಿ ಕೊಟ್ಟೆ. ಅದರಲ್ಲಿ ಬೈಗುಳ ಒಂದೂ ಇರಲಿಲ್ಲ, ಶೃಂಗಾರದ ದೃಶ್ಯವಂತೂ ಇರಲೇ ಇಲ್ಲ. ಆದರೆ ಮೂರನೆಯ ಪುಟದಲ್ಲಿ ಕೈಕಾಲು ಕಟ್ಟಿಸಿಕೊಂಡ ಹೆಂಗಸೊಬ್ಬಳು ಕಾರಿನ ಡಿಕ್ಕಿಯೊಳಗೆ ಎಚ್ಚರಗೊಳ್ಳುತ್ತಿದ್ದಳು. ಮರುದಿನವೇ ಪುಸ್ತಕ ನನ್ನ ಕೈಗೆ ವಾಪಸು ಬಂತು. ಗುರುತಿಗೆ ಇಟ್ಟ ಚೀಟಿ ನಾಲ್ಕನೆಯ ಪುಟವನ್ನು ದಾಟಿರಲಿಲ್ಲ.

ಮೊದಲು ಅಳತೆಗೋಲು

ಯಾವುದನ್ನು ಆರಿಸಬೇಕು ಎಂದು ತೂಗುವ ಮೊದಲು ಯಾವುದರಿಂದ ತೂಗಬೇಕು ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ನನ್ನ ಅನುಭವದಲ್ಲಿ ನಾಲ್ಕು ಪ್ರಶ್ನೆಗಳು ಸಾಕು: ಯಾವುದು ನಿಮಗೆ ಬೇಡ, ಎಷ್ಟು ಭಯವನ್ನು ನೀವು ತಾಳಬಲ್ಲಿರಿ, ದೇವರು ಕಥೆಯಲ್ಲಿ ಎಲ್ಲಿ ನಿಂತಿರಬೇಕು, ಮತ್ತು ಓದಲು ನಿಮಗೆ ಸಿಗುವ ಹೊತ್ತು ಎಂಥದು. ಖರ್ಚಿನ ಪ್ರಶ್ನೆ ಐದನೆಯದು, ಆದರೆ ಅದು ಮೊದಲ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ತಾನಾಗಿಯೇ ಬಗೆಹರಿಯುತ್ತದೆ.

ಮೊದಲ ಪ್ರಶ್ನೆ ಸುಲಭವೆಂದು ತೋರುತ್ತದೆ, ಹಾಗಿಲ್ಲ. ಮಾರಾಟಗಾರರು ಮತ್ತು ಓದುಗರು ಬಳಸುವ ಪದಗಳಲ್ಲಿ 'ಸ್ವೀಟ್', 'ಕ್ಲೀನ್', 'ಕ್ಲೋಸ್ಡ್ ಡೋರ್' ಎಂಬ ಮೂರು ಒಂದೇ ಅರ್ಥದವಲ್ಲ. ಸ್ವೀಟ್ ಅಥವಾ ಕ್ಲೀನ್ ಎಂದಾಗ ಸಾಮಾನ್ಯವಾಗಿ ಪ್ರಣಯವು ಮುತ್ತಿಗೇ ನಿಲ್ಲುತ್ತದೆ, ಕಥೆಯ ಹಿಂದೆಯೂ ಬೇರೇನೂ ನಡೆದಿರುವುದಿಲ್ಲ. ಕ್ಲೋಸ್ಡ್ ಡೋರ್ ಎಂದಾಗ ಹಾಗಲ್ಲ. ಪಾತ್ರಗಳು ಕೋಣೆಯೊಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ, ಅಧ್ಯಾಯ ಮುಗಿಯುತ್ತದೆ, ಮುಂದಿನ ಅಧ್ಯಾಯ ಬೆಳಗಿನ ಕಾಫಿಯಿಂದ ಆರಂಭವಾಗುತ್ತದೆ. ಪುಟದ ಮೇಲೆ ಏನೂ ಇಲ್ಲದಿದ್ದರೂ ಕಥೆಯಲ್ಲಿ ಎಲ್ಲವೂ ಇದೆ. ನಿಮಗೆ ಬೇಡವಾದದ್ದು ವರ್ಣನೆಯೋ, ಇಲ್ಲ ಮದುವೆಗೆ ಮುಂಚಿನ ಆ ಸಂಬಂಧವೋ ಎಂಬುದನ್ನು ನೀವೇ ತೀರ್ಮಾನಿಸಬೇಕು. ಮೊದಲನೆಯದಾದರೆ ಕ್ಲೋಸ್ಡ್ ಡೋರ್ ಕೂಡ ಒಗ್ಗುತ್ತದೆ ಮತ್ತು ಆಯ್ಕೆ ಬಹಳ ವಿಸ್ತಾರವಾಗುತ್ತದೆ. ಎರಡನೆಯದಾದರೆ ಕ್ಲೀನ್ ಎಂದು ಸ್ಪಷ್ಟವಾಗಿ ಹೇಳಿರುವುದನ್ನೇ ಹುಡುಕಬೇಕು. ಬೈಗುಳದ ಮಾತು ಇದಕ್ಕಿಂತ ಬೇರೆ. ಕ್ಲೀನ್ ರೋಮ್‌ಕಾಮ್‌ಗಳಲ್ಲಿ ಸಣ್ಣಪುಟ್ಟ ಒರಟು ಮಾತು ಅಲ್ಲಲ್ಲಿ ನುಸುಳುತ್ತದೆ, ಕ್ರೈಸ್ತ ಪ್ರಕಾಶಕರ ಪುಸ್ತಕಗಳಲ್ಲಿ ಅದಕ್ಕೂ ಜಾಗವಿಲ್ಲ.

ಎರಡನೆಯ ಪ್ರಶ್ನೆಯ ಉತ್ತರ ಹಲವರನ್ನು ಬೆರಗುಗೊಳಿಸುತ್ತದೆ. ಶ್ರದ್ಧೆಯ ಸಸ್ಪೆನ್ಸ್ ಭಾಷೆಯಲ್ಲಿ ಮತ್ತು ಪ್ರಣಯದಲ್ಲಿ ಎಷ್ಟು ಬಿಗಿಯೋ, ಅಪರಾಧದ ವಿಷಯದಲ್ಲಿ ಅಷ್ಟೇ ಧಾರಾಳ. ಸರಣಿ ಕೊಲೆಗಾರ, ಮಾನವ ಕಳ್ಳಸಾಗಣೆ, ಮನೆಗೆ ಬೆಂಕಿ ಇಡುವವನು, ವರ್ಷಗಟ್ಟಲೆ ನೆರಳಿನಂತೆ ಹಿಂಬಾಲಿಸುವವನು ಎಲ್ಲರೂ ಅಲ್ಲಿ ಬರುತ್ತಾರೆ. ಆದರೆ ಅವರಾರೂ ಕೆಟ್ಟ ಮಾತು ಆಡುವುದಿಲ್ಲ. ಹೆಣದ ವರ್ಣನೆ ಇತರ ಥ್ರಿಲ್ಲರ್‌ಗಳಿಗಿಂತ ಸಂಯಮದಿಂದ ಕೂಡಿರುತ್ತದೆ ಎಂಬುದು ನಿಜ, ಆದರೆ ಭಯ ಸಂಯಮದಿಂದ ಕಡಿಮೆಯಾಗುವ ವಸ್ತುವಲ್ಲ. ಕೆಲವೊಮ್ಮೆ ಅರ್ಧ ಹೇಳಿ ಬಿಟ್ಟದ್ದೇ ಹೆಚ್ಚು ಕಾಡುತ್ತದೆ. ದೊಡ್ಡಮ್ಮನ ವಿಷಯದಲ್ಲಿ ನಾನು ಮಾಡಿದ ತಪ್ಪು ಇದೇ: ಮೊದಲ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೂ ಹೊಂದಿಸಿಬಿಟ್ಟೆ.

ಪ್ರೇಮಹಾಸ್ಯ: ಮಾತಿನ ಮೇಲೆ ನಿಂತ ಕಟ್ಟಡ

1934ರ ನಡುವಿನಿಂದ 1968ರವರೆಗೆ ಹಾಲಿವುಡ್ ತನ್ನ ಮೇಲೆ ತಾನೇ ಒಂದು ನೀತಿಸಂಹಿತೆ ಹೇರಿಕೊಂಡಿತ್ತು. ಹೇಸ್ ಕೋಡ್ ಎಂಬುದು ಅದರ ರೂಢಿಯ ಹೆಸರು. ತೆರೆಯ ಮೇಲೆ ಏನು ತೋರಿಸಬಾರದು ಎಂಬ ಪಟ್ಟಿ ಅದರಲ್ಲಿತ್ತು. ಸ್ಕ್ರೂಬಾಲ್ ಕಾಮಿಡಿ ಎಂದು ಹೆಸರಾದ ಪ್ರೇಮಹಾಸ್ಯ ಚಿತ್ರಗಳು ಅರಳಿದ್ದು ಆ ಕಟ್ಟುಪಾಡಿನ ಮೊದಲ ವರ್ಷಗಳಲ್ಲೇ. ನಾಯಕ ನಾಯಕಿಯರು ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲದಿದ್ದಾಗ ಅವರು ಮಾತಿನಲ್ಲಿ ಕುಸ್ತಿಗೆ ಇಳಿದರು. ಪ್ರೀತಿ, ಕೋಪ, ಆಸೆ, ಹಟ ಎಲ್ಲವನ್ನೂ ಸಂಭಾಷಣೆಯೇ ಹೊರಬೇಕಾಯಿತು. ಇಂದಿನ ಕ್ಲೀನ್ ರೋಮ್‌ಕಾಮ್ ಕಾದಂಬರಿಯ ಎಂಜಿನ್ ಇದೇ. ಅದಕ್ಕೂ ಹಿಂದೆ ಹೋದರೆ 1813ರಲ್ಲಿ ಜೇನ್ ಆಸ್ಟೆನ್ ಪ್ರಕಟಿಸಿದ 'ಪ್ರೈಡ್ ಆಂಡ್ ಪ್ರೆಜುಡಿಸ್' ಕೂಡ ಒಂದು ಮುತ್ತನ್ನೂ ತೋರಿಸದೆ ಇಬ್ಬರು ಹಟಮಾರಿಗಳನ್ನು ಮಾತಿನಿಂದಲೇ ಹತ್ತಿರ ತಂದ ಕಥೆ. ನಮ್ಮ ಅಲಂಕಾರ ಶಾಸ್ತ್ರದವರು ಶೃಂಗಾರವನ್ನು ಸಂಭೋಗ, ವಿಪ್ರಲಂಭ ಎಂದು ಎರಡಾಗಿ ಒಡೆದಾಗ ಅಗಲಿಕೆಯ ಕಡೆಗೇ ಕವಿಗಳ ಒಲವು ಹೆಚ್ಚು ಹರಿದದ್ದನ್ನು ನೆನೆದರೆ, ತಡೆಯೇ ರುಚಿಯನ್ನು ಹೆಚ್ಚಿಸುತ್ತದೆ ಎಂಬ ಈ ಗುಟ್ಟು ಹಳೆಯದೆಂದು ತಿಳಿಯುತ್ತದೆ.

ಆದ್ದರಿಂದ ರೋಮ್‌ಕಾಮನ್ನು ತೂಗುವ ತಕ್ಕಡಿ ಸಂಭಾಷಣೆ. ಮುಖಪುಟದ ಬಣ್ಣ, ನಕಲಿ ನಿಶ್ಚಿತಾರ್ಥ, ಸಿಡುಕನಿಗೆ ಜೋಡಿಯಾಗುವ ನಗೆಮೊಗದವಳು, ಅಣ್ಣನ ಗೆಳೆಯ, ಮೊದಲು ಶತ್ರುಗಳಾಗಿದ್ದು ಆಮೇಲೆ ಪ್ರೇಮಿಗಳಾಗುವವರು ಮುಂತಾದ ಸಿದ್ಧ ಚೌಕಟ್ಟುಗಳು ನಿಮಗೆ ಏನನ್ನೂ ಹೇಳುವುದಿಲ್ಲ, ಏಕೆಂದರೆ ಒಳ್ಳೆಯದರಲ್ಲೂ ಕೆಟ್ಟದರಲ್ಲೂ ಅವೇ ಇರುತ್ತವೆ. ಪುಸ್ತಕವನ್ನು ನಡುವೆ ಎಲ್ಲಾದರೂ ತೆರೆದು ಎರಡು ಪುಟ ಮಾತುಕತೆ ಓದಿ, 'ಎಂದಳು', 'ಎಂದ' ಎಂಬುವನ್ನು ಬೆರಳಿನಿಂದ ಮುಚ್ಚಿ ನೋಡಿ. ಯಾರು ಮಾತನಾಡುತ್ತಿದ್ದಾರೆಂದು ತಿಳಿದರೆ ಪುಸ್ತಕ ಬದುಕಿದೆ. ಉದಾಹರಣೆಗೆ ಹೀಗೊಂದು ತುಣುಕನ್ನು ಊಹಿಸಿಕೊಳ್ಳಿ. ನಾಯಕಿ ನೆರೆಮನೆಯವನ ಅಂಗಳದಿಂದ ಏಣಿಯನ್ನು ತಂದಿದ್ದಾಳೆ. ಸಂಜೆ ಅವನು ಬಂದಿದ್ದಾನೆ.

"ಏಣಿ ಬೇಕಿದ್ದರೆ ಕೇಳಬಹುದಿತ್ತು."

"ಕೇಳಲೆಂದೇ ಬಂದಿದ್ದೆ. ನೀವು ಮನೆಯಲ್ಲಿ ಇರಲಿಲ್ಲ."

"ಇದ್ದೆ. ಮಾಳಿಗೆಯ ಮೇಲಿದ್ದೆ. ಅದೇ ಏಣಿಯಿಂದ ಹತ್ತಿದ್ದೆ."

ಮೂರು ಸಾಲಿನಲ್ಲಿ ಅವಳ ಆತುರ, ಅವನ ತಾಳ್ಮೆ, ಎರಡು ಗಂಟೆ ಬಿಸಿಲಲ್ಲಿ ಕೂತವನ ಸಿಟ್ಟು ಎಲ್ಲವೂ ಬಂದವು, ಮತ್ತು ಅವಳು ಇನ್ನು ಅವನಿಗೆ ಏನಾದರೂ ಮಾಡಿ ಋಣ ತೀರಿಸಲೇಬೇಕಾದ ಸ್ಥಿತಿಯೂ ಹುಟ್ಟಿತು. ಇದಕ್ಕೆ ಬದಲಾಗಿ ನಾಯಕಿ ಅಧ್ಯಾಯಕ್ಕೊಮ್ಮೆ ಜಾರಿ ಬೀಳುವುದನ್ನೇ ಹಾಸ್ಯವೆಂದು ನಂಬಿದ ಲೇಖಕರ ಪುಸ್ತಕವಾದರೆ ಕೆಳಗಿಡುವುದು ಕ್ಷೇಮ. ಕ್ಲೀನ್ ಪ್ರಕಾರದಲ್ಲಿ ಇಂಥ ಪುಸ್ತಕ ಕೈಕೊಡುವುದು ಬೇಗ, ಏಕೆಂದರೆ ಸಂಭಾಷಣೆ ಸೋತಾಗ ಆಸರೆಗೆ ಬೇರೇನೂ ಇರುವುದಿಲ್ಲ.

ಈ ಪ್ರಕಾರದ ಹಳೆಯ ರೋಗವೊಂದಿದೆ: ಮುಕ್ಕಾಲು ಭಾಗ ಮುಗಿದಾಗ ಬರುವ ತಪ್ಪು ತಿಳಿವಳಿಕೆ. ಅವಳು ಅರ್ಧ ಮಾತು ಕೇಳಿಸಿಕೊಂಡು ಊರು ಬಿಡುತ್ತಾಳೆ. ಒಂದು ಫೋನ್ ಕರೆ ಮಾಡಿದ್ದರೆ ಐವತ್ತು ಪುಟ ಉಳಿಯುತ್ತಿತ್ತು. ಒಳ್ಳೆಯ ಲೇಖಕರು ಈ ಒಡಕನ್ನು ಪಾತ್ರದ ಸ್ವಭಾವದಿಂದಲೇ ತೆಗೆಯುತ್ತಾರೆ, ಆಗ ಫೋನ್ ಮಾಡಿದ್ದರೂ ಏನೂ ಸರಿಹೋಗುತ್ತಿರಲಿಲ್ಲ ಎನಿಸುತ್ತದೆ. ಇನ್ನು ಅಂತ್ಯದ ವಿಷಯದಲ್ಲಿ ಅನುಮಾನವೇ ಬೇಡ. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘವಾದ ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಈ ಪ್ರಕಾರಕ್ಕೆ ಎರಡೇ ಲಕ್ಷಣ ಹೇಳಿದೆ: ಪ್ರೇಮಕಥೆ ಕೇಂದ್ರದಲ್ಲಿರಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಡುವಂತೆ, ಆಶಾದಾಯಕವಾಗಿರಬೇಕು. ಅಂತ್ಯ ಮೊದಲೇ ಗೊತ್ತಿರುವ ಕಥೆಯನ್ನು ಯಾಕೆ ಓದಬೇಕು ಎಂದು ಮೂಗು ಮುರಿಯುವವರು ಇದ್ದಾರೆ. ದಿನವಿಡೀ ಅನಿಶ್ಚಿತತೆಯಲ್ಲೇ ಕಳೆದವರಿಗೆ ರಾತ್ರಿ ಹತ್ತು ಗಂಟೆಗೆ ಬೇಕಾಗುವುದು ಆ ಭರವಸೆಯೇ ಎಂದು ನಾನು ಅವರಿಗೆ ಹೇಳುತ್ತೇನೆ.

ಪ್ರೇಮಹಾಸ್ಯದಲ್ಲೂ ಶ್ರದ್ಧೆಯ ಎಳೆಯಿರುವ ಒಂದು ಮಧ್ಯಮ ದಾರಿ ಇದೆ. ಅಲ್ಲಿ ಪಾತ್ರಗಳು ಭಾನುವಾರ ಚರ್ಚಿಗೆ ಹೋಗುತ್ತಾರೆ, ಊಟಕ್ಕೆ ಮುಂಚೆ ಪ್ರಾರ್ಥಿಸುತ್ತಾರೆ, ಕಷ್ಟದ ನಿರ್ಧಾರಕ್ಕೆ ಮುಂಚೆ ಅಜ್ಜಿಯ ಹತ್ತಿರ ಬೈಬಲಿನ ಮಾತೊಂದನ್ನು ಕೇಳುತ್ತಾರೆ. ನಂಬಿಕೆ ಹಿನ್ನೆಲೆಯ ಪರದೆಯಷ್ಟೇ ಆಗಿರುವುದು ಹೆಚ್ಚು. ಎರಡು ದಾರಿಗಳ ನಡುವೆ ಹೊಯ್ದಾಡುವವರಿಗೆ ಮೊದಲ ಹೆಜ್ಜೆಯಾಗಿ ಇದು ಪರವಾಗಿಲ್ಲ, ಆದರೆ ಶ್ರದ್ಧೆಯನ್ನೇ ಹುಡುಕಿ ಬಂದವರಿಗೆ ತೆಳುವೆನಿಸುತ್ತದೆ.

ಶ್ರದ್ಧೆಯ ಸಸ್ಪೆನ್ಸ್: ದೇವರಿಗೆ ಕಥೆಯಲ್ಲಿ ಕೆಲಸವಿದೆಯೇ?

ಸಸ್ಪೆನ್ಸ್ ಎಂದರೇನು ಎಂಬುದನ್ನು ಚಿತ್ರನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಜೊತೆಗಿನ ಮಾತುಕತೆಯಲ್ಲಿ ವಿವರಿಸಿದ್ದು ಪ್ರಸಿದ್ಧ. ಅದು 1966ರಲ್ಲಿ ಪುಸ್ತಕವಾಗಿ ಬಂತು. ಮೇಜಿನ ಕೆಳಗೆ ಬಾಂಬ್ ಇರುವುದು ನೋಡುಗರಿಗೆ ಗೊತ್ತಿಲ್ಲದೆ ಅದು ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚುವಿಕೆ. ಬಾಂಬ್ ಇರುವುದು ನಮಗೆ ಗೊತ್ತಿದ್ದು, ಮೇಜಿನ ಬಳಿ ಕೂತವರಿಗೆ ಮಾತ್ರ ಗೊತ್ತಿಲ್ಲದಿದ್ದರೆ ಹದಿನೈದು ನಿಮಿಷದ ತಳಮಳ. ಪತ್ತೇದಾರಿ ಕಥೆ 'ಯಾರು ಮಾಡಿದರು' ಎಂದು ಹಿಂದಕ್ಕೆ ನೋಡಿದರೆ ಸಸ್ಪೆನ್ಸ್ 'ಮುಂದೇನಾಗುವುದೋ' ಎಂದು ಮುಂದಕ್ಕೆ ನೋಡುತ್ತದೆ. ಈ ವ್ಯತ್ಯಾಸ ಓದುಗನ ನಿದ್ದೆಗೆ ಸಂಬಂಧಿಸಿದ್ದು: ಒಗಟನ್ನು ನಾಳೆಗೆ ಬಿಟ್ಟು ಮಲಗಬಹುದು, ಬಾಂಬನ್ನು ಬಿಟ್ಟು ಮಲಗುವುದು ಕಷ್ಟ.

ಈ ತಳಮಳದೊಳಗೆ ನಂಬಿಕೆಯನ್ನು ತರುವುದು ಮೇಲುನೋಟಕ್ಕೆ ಕಾಣುವಷ್ಟು ಸುಲಭವಲ್ಲ. ದೇವರು ಕಾಪಾಡಿಯೇ ಕಾಪಾಡುತ್ತಾನೆ ಎಂದಾದರೆ ಭಯ ಎಲ್ಲಿ ಉಳಿಯಿತು? ಈ ಪ್ರಕಾರದ ಸೋಲು ಗೆಲುವು ಇರುವುದು ಈ ಪ್ರಶ್ನೆಗೆ ಲೇಖಕರು ಕೊಡುವ ಉತ್ತರದಲ್ಲಿ. ಸೋತ ಕಾದಂಬರಿಯಲ್ಲಿ ನಾಯಕಿ ನೆಲಮಾಳಿಗೆಯಲ್ಲಿ ಅಡಗಿ ಕೂತು ಪ್ರಾರ್ಥಿಸುತ್ತಾಳೆ, ತಕ್ಷಣ ಫೋನಿಗೆ ಸಿಗ್ನಲ್ ಬರುತ್ತದೆ. ಅಲ್ಲಿಗೆ ಪ್ರಾರ್ಥನೆ ಕಥೆಗಾರರ ಕೈಯ ಸಲಕರಣೆಯಾಯಿತು. ಗೆದ್ದ ಕಾದಂಬರಿಯಲ್ಲಿ ಅವಳು ಅದೇ ಕತ್ತಲಲ್ಲಿ ಪ್ರಾರ್ಥಿಸುತ್ತಾಳೆ, ಉತ್ತರ ಬರುವುದಿಲ್ಲ. ಆದರೆ ಗೋಡೆಯ ಆ ಬದಿಯಲ್ಲಿ ಗಾಯಗೊಂಡು ನರಳುತ್ತಿರುವವನು ಅವಳ ತಮ್ಮನನ್ನು ಕೊಂದವನೇ ಎಂದು ತಿಳಿಯುತ್ತದೆ, ಮತ್ತು ಅವಳ ಕೈಯಲ್ಲಿ ಔಷಧದ ಡಬ್ಬಿ ಇದೆ. ಈಗ ನಂಬಿಕೆ ಅವಳನ್ನು ಅಪಾಯದಿಂದ ಪಾರುಮಾಡುತ್ತಿಲ್ಲ, ಇನ್ನೂ ದೊಡ್ಡ ಇಕ್ಕಟ್ಟಿಗೆ ತಳ್ಳುತ್ತಿದೆ. ನಂಬಿಕೆಯನ್ನು ಕಥೆಯಿಂದ ತೆಗೆದುಹಾಕಿದರೆ ಕಥೆ ಕುಸಿಯುತ್ತದೆಯೇ ಎಂದು ಕೇಳಿಕೊಳ್ಳಿ. ಕುಸಿದರೆ ಅದು ನಿಜವಾದ ಶ್ರದ್ಧೆಯ ಸಸ್ಪೆನ್ಸ್; ಇಲ್ಲವಾದರೆ ಅಧ್ಯಾಯದ ತಲೆಯಲ್ಲಿ ಬೈಬಲಿನ ವಚನ ಅಂಟಿಸಿಕೊಂಡ ಮಾಮೂಲಿ ಥ್ರಿಲ್ಲರ್.

ಇದಕ್ಕೆ ಹಳೆಯ, ಗಟ್ಟಿಯಾದ ಮಾದರಿಯೊಂದು ಇದೆ. ಇಂಗ್ಲಿಷ್ ಲೇಖಕ ಜಿ. ಕೆ. ಚೆಸ್ಟರ್‌ಟನ್ ಸೃಷ್ಟಿಸಿದ ಫಾದರ್ ಬ್ರೌನ್ ಎಂಬ ಕುಳ್ಳ ಪಾದ್ರಿಯ ಮೊದಲ ಕಥಾಸಂಕಲನ ಬಂದದ್ದು 1911ರಲ್ಲಿ. ಪಾಪನಿವೇದನೆ ಕೇಳಿ ಕೇಳಿ ಮನುಷ್ಯರ ಕೆಡುಕಿನ ಒಳಹೊರಗನ್ನು ಅರಿತಿರುವುದೇ ಅವನ ಪತ್ತೇದಾರಿಕೆಯ ಬಂಡವಾಳ. ಮೊದಲ ಕಥೆಯಲ್ಲಿ ಪಾದ್ರಿಯ ವೇಷ ತೊಟ್ಟ ಕಳ್ಳನನ್ನು ಅವನು ಗುರುತಿಸುವುದಕ್ಕೆ ಒಂದು ಕಾರಣ, ಆ ಕಳ್ಳ ವಿವೇಚನೆಯನ್ನೇ ಹಳಿದು ಮಾತನಾಡಿದ್ದು. ನಿಜವಾದ ಪಾದ್ರಿ ಹಾಗೆ ಹೇಳುವುದಿಲ್ಲ ಎಂಬುದು ಅವನ ವಾದ. ಅಲ್ಲಿ ಶ್ರದ್ಧೆ ಅಲಂಕಾರವಲ್ಲ, ತನಿಖೆಯ ವಿಧಾನ. ಆ ಕಥೆಗಳು ಸಸ್ಪೆನ್ಸಿಗಿಂತ ಒಗಟಿಗೆ ಹತ್ತಿರ, ಪುಟಗಳೂ ಕಡಿಮೆ. ಹಾಗಾಗಿ ಭಯ ಬೇಡ, ಶ್ರದ್ಧೆ ಬೇಕು, ಬುದ್ಧಿಗೆ ಕೆಲಸವೂ ಬೇಕು ಎನ್ನುವವರಿಗೆ ನಾನು ಮೊದಲು ಕೊಡುವುದು ಅದನ್ನೇ.

ಇಂದಿನ ಕಾದಂಬರಿಗಳಲ್ಲಿ ಮೂರು ಕವಲುಗಳನ್ನು ಕಾಣಬಹುದು. ಎಲ್ಲಕ್ಕಿಂತ ದೊಡ್ಡದು ಪ್ರೇಮ ಬೆರೆತ ಸಸ್ಪೆನ್ಸ್: ಅಪಾಯದಲ್ಲಿರುವ ಒಬ್ಬಳು, ಅವಳನ್ನು ಕಾಯುವ ಪೊಲೀಸ್ ಅಧಿಕಾರಿಯೋ ಅಗ್ನಿಶಾಮಕನೋ ಆದ ಒಬ್ಬ, ಇಬ್ಬರಲ್ಲಿ ಒಬ್ಬರು ಹಳೆಯ ನೋವಿನಿಂದ ದೇವರ ಜೊತೆ ಮುನಿಸಿಕೊಂಡವರು. ಹಾರ್ಲೆಕ್ವಿನ್ ಪ್ರಕಾಶನದ ಲವ್ ಇನ್‌ಸ್ಪೈರ್ಡ್ ಮಾಲೆ 1997ರಲ್ಲಿ ಪ್ರೇಮಕಥೆಗಳಿಂದ ಆರಂಭವಾಗಿ, 2005ರಲ್ಲಿ ಸಸ್ಪೆನ್ಸಿಗೇ ಪ್ರತ್ಯೇಕ ಮಾಲೆ ತೆರೆದದ್ದು ಈ ಕವಲಿನ ಬೇಡಿಕೆಗೆ ಸಾಕ್ಷಿ. ಎರಡನೆಯದು ನ್ಯಾಯಾಲಯ ಮತ್ತು ತನಿಖೆಯ ಕಥೆ. ಪ್ರೇಮ ಇದ್ದರೂ ಅಂಚಿನಲ್ಲಿ. ಮೂರನೆಯದು ದೇವದೂತರು, ದುಷ್ಟಶಕ್ತಿಗಳು ನೇರವಾಗಿ ಕಣಕ್ಕಿಳಿಯುವ ಅಲೌಕಿಕ ಸಮರದ ಕಾದಂಬರಿ. 1986ರಲ್ಲಿ ಫ್ರಾಂಕ್ ಪೆರೆಟ್ಟಿಯ 'ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್' ಈ ಕವಲಿಗೆ ಜನಪ್ರಿಯತೆ ತಂದಿತು. ಮೂರನೆಯದರಲ್ಲಿ ದೇವತಾಶಾಸ್ತ್ರವೇ ಕಥೆಯ ಯಂತ್ರ. ಆ ಲೋಕದೃಷ್ಟಿಯನ್ನು ಓದುವಷ್ಟು ಹೊತ್ತಾದರೂ ಒಪ್ಪದವರಿಗೆ ಅದು ಹಿಡಿಸುವುದು ಕಷ್ಟ, ಒಪ್ಪುವವರಿಗೆ ಅದರ ಬಿಸಿ ಬೇರೆಲ್ಲೂ ಸಿಗದು.

ಇತರ ಧರ್ಮದವರಿಗೆ ಅಥವಾ ಯಾವ ಧರ್ಮವನ್ನೂ ಪಾಲಿಸದವರಿಗೆ ಈ ಪುಸ್ತಕಗಳು ಒಗ್ಗುತ್ತವೆಯೇ ಎಂಬ ಪ್ರಶ್ನೆ ಸಹಜ. ಮೊದಲ ಎರಡು ಕವಲುಗಳು ಒಗ್ಗುತ್ತವೆ ಎಂದೇ ನನ್ನ ಉತ್ತರ, ಒಂದು ಎಚ್ಚರಿಕೆಯೊಂದಿಗೆ. ಮುನಿಸಿಕೊಂಡ ಪಾತ್ರ ಕೊನೆಗೆ ದೇವರೆಡೆಗೆ ಮರಳುವ ಮನಃಪರಿವರ್ತನೆಯ ಎಳೆ ಇಲ್ಲಿ ಬಹಳ ಸಾಮಾನ್ಯ. ಅದನ್ನು ಪಾತ್ರದ ಪಯಣವೆಂದು ಓದಬಲ್ಲವರಿಗೆ ತೊಡಕಿಲ್ಲ, ತಮ್ಮನ್ನುದ್ದೇಶಿಸಿದ ಬೋಧನೆ ಎನಿಸುವವರಿಗೆ ಕಿರಿಕಿರಿ. ಯಾವ ಪುಸ್ತಕದಲ್ಲಿ ಎಷ್ಟು ಬೋಧನೆ ಇದೆ ಎಂದು ತಿಳಿಯಲು ನನ್ನದೊಂದು ಉಪಾಯವಿದೆ. ಓದುಗರ ವಿಮರ್ಶೆಗಳಲ್ಲಿ ಕಡಿಮೆ ಅಂಕ ಕೊಟ್ಟವರದ್ದನ್ನಷ್ಟೇ ಓದುತ್ತೇನೆ. 'ಉಪದೇಶ ಜಾಸ್ತಿ' ಎಂಬ ದೂರು ಮಾತ್ರ ಇದ್ದರೆ ಅದು ನಿಜ; 'ದೇವರ ಮಾತೇ ಇಲ್ಲ' ಎಂಬುದು ಮಾತ್ರ ಇದ್ದರೆ ಅದೂ ನಿಜ; ಎರಡೂ ಇದ್ದರೆ ಪುಸ್ತಕ ಹದವಾಗಿದೆ ಎಂದರ್ಥ. ಹಿಂಸೆಯ ಪ್ರಮಾಣ ತಿಳಿಯಲು ಸ್ಟೋರಿಗ್ರಾಫ್ ತಾಣದಲ್ಲಿ ಓದುಗರೇ ದಾಖಲಿಸುವ ಎಚ್ಚರಿಕೆಗಳು ನೆರವಾಗುತ್ತವೆ; ಅಪಹರಣ, ಸಾವು, ಮಕ್ಕಳಿಗೆ ಅಪಾಯ ಮುಂತಾದವು ಪುಸ್ತಕದಲ್ಲಿ ಎಷ್ಟು ತೀವ್ರವಾಗಿವೆ ಎಂಬುದನ್ನೂ ಅಲ್ಲಿ ಗುರುತು ಹಾಕಿರುತ್ತಾರೆ.

ಪ್ರಶಸ್ತಿಗಳನ್ನು ನಂಬಬಹುದೇ? ಒಂದು ಮಟ್ಟಿಗೆ. ಕ್ಯಾಥರೀನ್ ಮಾರ್ಷಲ್ 1967ರಲ್ಲಿ ಬರೆದ 'ಕ್ರಿಸ್ಟಿ' ಕಾದಂಬರಿಯ ಹೆಸರಿನ ಕ್ರಿಸ್ಟಿ ಪ್ರಶಸ್ತಿಯನ್ನು 2000ದಿಂದ ಕ್ರೈಸ್ತ ಕಥಾಸಾಹಿತ್ಯಕ್ಕೆ ಕೊಡುತ್ತಿದ್ದಾರೆ. ಸಸ್ಪೆನ್ಸಿಗೆ ಅದರಲ್ಲಿ ಪ್ರತ್ಯೇಕ ವಿಭಾಗವಿದೆ. ಅಗಾಥಾ ಕ್ರಿಸ್ಟಿಗೂ ಇದಕ್ಕೂ ಸಂಬಂಧವಿಲ್ಲ, ಹಲವರು ಹಾಗೆ ತಿಳಿಯುತ್ತಾರೆ. ಅಂತಿಮ ಸುತ್ತಿಗೆ ಬಂದ ಪುಸ್ತಕಗಳ ಪಟ್ಟಿ ಗೆದ್ದವುಗಳ ಪಟ್ಟಿಗಿಂತ ಹೆಚ್ಚು ಉಪಯುಕ್ತ, ಏಕೆಂದರೆ ಅದರಲ್ಲಿ ವೈವಿಧ್ಯ ಹೆಚ್ಚು.

ಹೊತ್ತು ಮತ್ತು ಖರ್ಚು

ಮಾಲೆಗಳಲ್ಲಿ ಬರುವ ಚಿಕ್ಕ ಸಸ್ಪೆನ್ಸ್ ಕಾದಂಬರಿ ಸುಮಾರು 55,000 ಪದಗಳದು. ಬಿಡಿಯಾಗಿ ಬರುವ ದೊಡ್ಡ ಕಾದಂಬರಿ ಸಾಮಾನ್ಯವಾಗಿ 80,000ದಿಂದ 1,00,000 ಪದಗಳಷ್ಟು. ಆಡಿಯೋ ಬುಕ್ಕಿನಲ್ಲಿ ಗಂಟೆಗೆ ಸುಮಾರು 9,000 ಪದ ಸಾಗುವುದರಿಂದ ಮೊದಲನೆಯದು ಆರು ಗಂಟೆ, ಎರಡನೆಯದು ಒಂಬತ್ತರಿಂದ ಹನ್ನೊಂದು ಗಂಟೆ. ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಬಿಡುವಿರುವವರು ದೊಡ್ಡ ಸಸ್ಪೆನ್ಸ್ ಹಿಡಿದರೆ ತಿಂಗಳ ಕೊನೆಯಲ್ಲಿ ಖಳನ ಹೆಸರನ್ನೇ ಮರೆತಿರುತ್ತಾರೆ. ಅಂಥವರಿಗೆ ರೋಮ್‌ಕಾಮ್ ಅನುಕೂಲ, ಅದನ್ನು ಎಲ್ಲಿ ಬಿಟ್ಟರೂ ಎಲ್ಲಿಂದ ಹಿಡಿದರೂ ನಡೆಯುತ್ತದೆ. ಒಂದು ಇಡೀ ರಜಾದಿನ ಕೈಯಲ್ಲಿದ್ದರೆ ಸಸ್ಪೆನ್ಸ್ ತನ್ನ ಪೂರ್ತಿ ಫಲ ಕೊಡುತ್ತದೆ.

ಆಡಿಯೋದಲ್ಲಿ ರೋಮ್‌ಕಾಮಿಗೆ ಇಬ್ಬರು ಓದುಗರು, ಗಂಡು ದನಿ ಹೆಣ್ಣು ದನಿ, ಇದ್ದರೆ ಸಂಭಾಷಣೆಗೆ ಕಳೆ ಬರುತ್ತದೆ. ಸಸ್ಪೆನ್ಸನ್ನು ಆಡಿಯೋದಲ್ಲಿ ಕೇಳುವವರಿಗೆ ಒಂದು ನಷ್ಟ: ಹೆದರಿಕೆಯ ಭಾಗವನ್ನು ಕಣ್ಣು ಓಡಿಸಿ ದಾಟಿಬಿಡುವ ಸ್ವಾತಂತ್ರ್ಯ ಅಲ್ಲಿಲ್ಲ.

ಖರ್ಚಿನ ಲೆಕ್ಕದಲ್ಲಿ ಎರಡು ಪ್ರಕಾರಗಳ ವ್ಯವಸ್ಥೆಯೇ ಬೇರೆ. ಕ್ಲೀನ್ ರೋಮ್‌ಕಾಮ್‌ಗಳಲ್ಲಿ ಬಹಳಷ್ಟನ್ನು ಲೇಖಕರೇ ಸ್ವತಂತ್ರವಾಗಿ ಪ್ರಕಟಿಸುತ್ತಾರೆ. 2014ರಲ್ಲಿ ಆರಂಭವಾದ ಕಿಂಡಲ್ ಅನ್‌ಲಿಮಿಟೆಡ್ ಚಂದಾ ಯೋಜನೆಗೆ ಇಂಥ ಲೇಖಕರು ಪುಸ್ತಕ ಸೇರಿಸಬೇಕಾದರೆ ಅದರ ಇ-ಬುಕ್ಕನ್ನು ಬೇರೆಲ್ಲೂ ಮಾರುವಂತಿಲ್ಲ. ಹಾಗಾಗಿ ಆ ಇ-ಬುಕ್ಕುಗಳು ಬೇರೆ ಮಾರಾಟ ತಾಣಗಳಲ್ಲಿ ಸಿಗುವುದಿಲ್ಲ. ತಿಂಗಳಿಗೆ ಮೂರು ನಾಲ್ಕು ರೋಮ್‌ಕಾಮ್ ಓದುವವರಿಗೆ ಚಂದಾ ಲಾಭ, ಒಂದು ಓದುವವರಿಗೆ ಬಿಡಿಯಾಗಿ ಕೊಳ್ಳುವುದೇ ವಾಸಿ. ಶ್ರದ್ಧೆಯ ಸಸ್ಪೆನ್ಸ್ ಹೆಚ್ಚಾಗಿ ಬೆಥನಿ ಹೌಸ್, ರೆವೆಲ್, ಟಿಂಡೇಲ್, ಥಾಮಸ್ ನೆಲ್ಸನ್‌ರಂಥ ಸ್ಥಾಪಿತ ಪ್ರಕಾಶಕರಿಂದ ಬರುವುದರಿಂದ ಹೊಸ ಪುಸ್ತಕದ ಬೆಲೆ ಮೇಲಿರುತ್ತದೆ, ಆದರೆ ಗ್ರಂಥಾಲಯಗಳಲ್ಲಿ ಮತ್ತು ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಸರಣಿಯ ಮೊದಲ ಭಾಗದ ಇ-ಬುಕ್ಕನ್ನು ಅಗ್ಗವಾಗಿ ಇಲ್ಲವೇ ಪುಕ್ಕಟೆಯಾಗಿ ಕೊಟ್ಟು ಉಳಿದವನ್ನು ಪೂರ್ತಿ ಬೆಲೆಗೆ ಮಾರುವ ಪದ್ಧತಿ ಎರಡರಲ್ಲೂ ಇದೆ. ರೋಮ್‌ಕಾಮ್ ಸರಣಿಯಲ್ಲಿ ಪ್ರತಿ ಭಾಗಕ್ಕೆ ಬೇರೆ ಜೋಡಿ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಸಸ್ಪೆನ್ಸ್ ಸರಣಿಯಲ್ಲಿ ಜೋಡಿ ಬದಲಾದರೂ ಬೆನ್ನಹಿಂದಿನ ದೊಡ್ಡ ಖಳ ಕೊನೆಯ ಭಾಗದವರೆಗೆ ಸಿಕ್ಕಿಬೀಳದಿರಬಹುದು, ಮೊದಲನೆಯದು ಪುಕ್ಕಟೆ ಸಿಕ್ಕಿತೆಂದು ಹಿಡಿಯುವ ಮುಂಚೆ ಒಟ್ಟು ಎಷ್ಟು ಭಾಗಗಳಿವೆ ಎಂದು ಎಣಿಸಿಕೊಳ್ಳಿ.

ಏನನ್ನೂ ಖರ್ಚು ಮಾಡದೆ ಎರಡರ ರುಚಿಯನ್ನೂ ನೋಡಬೇಕೆಂದರೆ 1971ರಿಂದ ನಡೆದುಬಂದಿರುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಇ-ಬುಕ್ ಭಂಡಾರದಲ್ಲಿ ಆಸ್ಟೆನ್ ಕಾದಂಬರಿಗಳೂ ಫಾದರ್ ಬ್ರೌನ್‌ನ ಮೊದಲ ಸಂಕಲನವೂ ಉಚಿತವಾಗಿ ಸಿಗುತ್ತವೆ. ಅವನ್ನೇ ಸ್ವಯಂಸೇವಕರು ಗಟ್ಟಿಯಾಗಿ ಓದಿದ ಧ್ವನಿಮುದ್ರಣ ಲಿಬ್ರಿವಾಕ್ಸ್ ತಾಣದಲ್ಲಿದೆ.

ಯಾರಿಗೆ ಯಾವುದು

ಮಲಗುವ ಮುನ್ನ ಓದುವವರು, ಕಾಯಿಲೆಯಿಂದ ಏಳುತ್ತಿರುವವರು, ಇತ್ತೀಚೆಗೆ ಸಾವು ಕಂಡ ಮನೆಯವರು ರೋಮ್‌ಕಾಮ್ ಕಡೆಗೇ ಹೋಗಲಿ. ಆದರೆ ಸಾವು ಕಂಡವರು ಬೆನ್ನುಪುಟವನ್ನು ಓದಿಕೊಳ್ಳಬೇಕು, ಏಕೆಂದರೆ ಈ ಪ್ರಕಾರದಲ್ಲಿ ನಾಯಕನೋ ನಾಯಕಿಯೋ ಸಂಗಾತಿಯನ್ನು ಕಳೆದುಕೊಂಡವರಾಗಿರುವುದು ತುಂಬ ಸಾಮಾನ್ಯ. ಹದಿಹರೆಯದವರಿಗೆ ಕೊಡುವವರು 'ಕ್ಲೀನ್' ಎಂಬುದನ್ನು ವಯಸ್ಸಿನ ಶಿಫಾರಸು ಎಂದು ಭಾವಿಸಬಾರದು. ಸಸ್ಪೆನ್ಸ್ ಆದರೆ ದೊಡ್ಡವರು ಮೊದಲು ತಾವು ಓದಬೇಕು; ರೋಮ್‌ಕಾಮ್ ಆದರೆ ಕ್ಲೋಸ್ಡ್ ಡೋರ್ ಬಗೆಯದಲ್ಲ ಎಂದು ಖಚಿತಪಡಿಸಿಕೊಂಡರೆ ಸಾಕು. ಹತ್ತು ಜನ ಸೇರಿ ಒಂದೇ ಪುಸ್ತಕ ಓದಿ ಚರ್ಚಿಸುವ ಗುಂಪಿಗೆ ಸಸ್ಪೆನ್ಸ್ ಉತ್ತಮ. ರೋಮ್‌ಕಾಮ್ ಬಗ್ಗೆ 'ಚೆನ್ನಾಗಿತ್ತು' ಎಂದ ಮೇಲೆ ಮಾತು ಮುಗಿದುಹೋಗುತ್ತದೆ. ಔಷಧದ ಡಬ್ಬಿ ಹಿಡಿದು ನಿಂತವಳು ಏನು ಮಾಡಬೇಕಿತ್ತು ಎಂಬುದರ ಮೇಲೆ ಒಂದು ಸಂಜೆ ಕಳೆಯಬಹುದು. ಮತ್ತೆ ಮತ್ತೆ ಓದುವ ಅಭ್ಯಾಸವಿದ್ದರೆ ಹಣ ಹಾಕಬೇಕಾದದ್ದು ರೋಮ್‌ಕಾಮ್ ಮೇಲೆ, ಏಕೆಂದರೆ ಒಳ್ಳೆಯ ಮಾತಿಗೆ ಎರಡನೆಯ ಸಲವೂ ನಗು ಬರುತ್ತದೆ; ಖಳ ಯಾರೆಂದು ತಿಳಿದ ಸಸ್ಪೆನ್ಸ್ ಸಾಮಾನ್ಯವಾಗಿ ಎರವಲು ತಂದು ಓದುವ ವಸ್ತು. ನಂಬಿಕೆ ಅಲುಗಾಡಿದ ಕಾಲದಲ್ಲಿ ಆಸರೆ ಹುಡುಕುತ್ತಿರುವವರಿಗೆ ಮಾತ್ರ ಈ ಲೆಕ್ಕಗಳನ್ನೆಲ್ಲ ಬದಿಗಿಟ್ಟು ಸಸ್ಪೆನ್ಸನ್ನೇ ಸೂಚಿಸುತ್ತೇನೆ, ಪ್ರಾರ್ಥನೆಗೆ ಉತ್ತರ ಬಾರದ ರಾತ್ರಿಯನ್ನು ಪ್ರಾಮಾಣಿಕವಾಗಿ ಬರೆದವರು ಅಲ್ಲಿದ್ದಾರೆ.

ಒಂದೇ ಓದುಗರಿಗೆ ಒಂದೇ ಉತ್ತರ ವರ್ಷವಿಡೀ ಸಲ್ಲುವುದೂ ಇಲ್ಲ. ಡಿಕ್ಕಿಯ ಕಥೆಯನ್ನು ಹಿಂದಿರುಗಿಸಿದ ದೊಡ್ಡಮ್ಮನಿಗೆ ಆಮೇಲೆ ಎರಡು ರೋಮ್‌ಕಾಮ್ ಕೊಟ್ಟೆ, ಎರಡನ್ನೂ ಸಂತೋಷದಿಂದ ಓದಿದರು. ಮೂರು ತಿಂಗಳು ಕಳೆದು, ಕೋಲಿಲ್ಲದೆ ನಡೆಯುವಂತಾದ ಮೇಲೆ, ಒಂದು ದಿನ ಮಾತಿನ ನಡುವೆ "ಅವತ್ತು ಡಿಕ್ಕಿಯಲ್ಲಿ ಬಿದ್ದಿದ್ದಳಲ್ಲ, ಅವಳು ಬದುಕಿದಳೇನೋ?" ಎಂದು ಕೇಳಿದರು. ಪುಸ್ತಕವನ್ನು ಮತ್ತೆ ಕೊಟ್ಟೆ. ಈ ಸಲ ಅದು ವಾಪಸು ಬರಲು ಎರಡು ದಿನ ಹಿಡಿಯಿತು, ಒಳಗಿದ್ದ ಚೀಟಿಯಲ್ಲಿ ಎರಡನೆಯ ಭಾಗ ಎಲ್ಲಿ ಎಂದು ಬರೆದಿತ್ತು.